ಬೀಳ್ಕೊಡುಗೆಯ ಚಹಾ

ಜಪಾನಿನ ತ್ಸುಕುಬಾದ ಆ ಲ್ಯಾಬಿನಲ್ಲಿ ಕನ್ನಡದವರೆಂದರೆ ಇಬ್ಬರೇ, ಮೈತ್ರೇಯಿ ಮತ್ತು ಹಂಸಾ. ಹಂಸಾ ಬಂದ ಹೊಸದರಲ್ಲಿ ಮನೆ ಸಿಗದೆ ಪರದಾಡುತ್ತಿದ್ದಾಗ ತನ್ನ ಪುಟ್ಟ ಫ್ಲಾಟಿನಲ್ಲೇ ಜಾಗ ಕೊಟ್ಟವಳು ಮೈತ್ರೇಯಿ. ಕೊಂಬಿನಿ ಅಂಗಡಿಗಳಲ್ಲಿ ಮಾಂಸವಿಲ್ಲದ ತಿಂಡಿ ಹುಡುಕುವುದರಿಂದ ಹಿಡಿದು ಪೇಪರ್ ಬರೆಯುವವರೆಗೆ ಎಲ್ಲವನ್ನೂ ಕಲಿಸಿದ್ದಳು. ಹಂಸಾ ಬಾಯ್ತುಂಬ ಅಕ್ಕಾ ಎನ್ನುತ್ತಿದ್ದಳು.

ಹಾಗಾಗಿ ಪ್ರೊಫೆಸರರ ಹೆಂಡತಿ ನೊರಿಕೋ ಸಾನ್ ತಮ್ಮ ಮನೆಯ ಚಹಾ ಸಮಾರಂಭಕ್ಕೆ ಕರೆದಾಗ ಇಬ್ಬರೂ ಜೊತೆಯಲ್ಲೇ ಹೋದರು. ತಗ್ಗು ಬಾಗಿಲಲ್ಲಿ ಬಗ್ಗಿ, ಮಂಡಿಯೂರಿ ಒಳಗೆ ಸರಿದರು. ನೊರಿಕೋ ಸಾನ್ ಮುಖ್ಯ ಅತಿಥಿಯ ಜಾಗವನ್ನು ಹಂಸಾಗೆ ತೋರಿಸಿದರು. ಹಿರಿಯಳು ತಾನಲ್ಲವೇ ಎಂದು ಮೈತ್ರೇಯಿಗೆ ತುಸು ಅಚ್ಚರಿಯಾಯಿತು.

ಕಬ್ಬಿಣದ ಕೆಟಲಿನಲ್ಲಿ ನೀರು ಸಣ್ಣಗೆ ಮೊರೆಯುತ್ತಿತ್ತು. ಸಿಹಿ ಕೊಟ್ಟ ಮೇಲೆ ನೊರಿಕೋ ಸಾನ್ ನಕ್ಕು, "ಏಪ್ರಿಲ್‌ನಲ್ಲಿ ಒಸಾಕಾದ ಕೆಲಸಕ್ಕೆ ಸೇರುವವರನ್ನು ಚೆನ್ನಾಗಿ ಬೀಳ್ಕೊಡಬೇಕಲ್ಲ! ಮೈತ್ರೇಯಿ ಸಾನ್, ನೀವು ಅರ್ಜಿಯನ್ನೇ ಹಾಕಲಿಲ್ಲವಂತೆ. ನಮ್ಮ ಯಜಮಾನರಿಗೆ ಬೇಜಾರಾಯಿತು" ಎಂದರು.

ಆ ಹುದ್ದೆಗಾಗಿ ಮೈತ್ರೇಯಿ ಎಷ್ಟು ಕಾದಿದ್ದಳು! ಒಸಾಕಾದಲ್ಲಿ ಗೆಳತಿಯಿದ್ದಾಳೆ, ಕೇಳಿ ಹೇಳುತ್ತೇನೆ ಎಂದವಳು ಹಂಸಾ. "ಆ ಪೋಸ್ಟ್ ಕ್ಯಾನ್ಸಲ್ ಆಯ್ತಂತೆ ಅಕ್ಕಾ" ಎಂದು ಹೆಗಲು ಸವರಿ ಸಮಾಧಾನ ಮಾಡಿದವಳೂ ಅವಳೇ.

ಹಂಸಾ ತಲೆ ಎತ್ತಲಿಲ್ಲ. ಹಸಿರು ಚಹಾದ ಬಟ್ಟಲು ಅವಳ ಮುಂದೆ ಬಂತು. ಕುಡಿಯುವ ಮುನ್ನ ಪಕ್ಕದವರಿಗೆ ಬಾಗಿ 'ಒಸಾಕಿ ನಿ' ಎನ್ನಬೇಕು. ನಿಮಗಿಂತ ಮೊದಲು ತೆಗೆದುಕೊಳ್ಳುತ್ತಿದ್ದೇನೆ, ಮನ್ನಿಸಿ ಎಂದರ್ಥ. ಅಷ್ಟು ಹೇಳುವುದಕ್ಕೇ ಹಂಸಾ ತೊದಲಿದಳು. ಮೈತ್ರೇಯಿ ಮರಳಿ ಬಾಗಿದಳು. ಕರೆದವರ ಎದುರು ಮತ್ತೇನು ಮಾಡಲಾದೀತು? ತನ್ನ ಸರದಿ ಬಂದಾಗ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದಳು. ರುಚಿ ಗೊತ್ತಾಗಲಿಲ್ಲ.

ಹೊರಗೆ ಸೈಕಲ್ಲುಗಳ ಹತ್ತಿರ ಹಂಸಾ ಅಳತೊಡಗಿದಳು. "ನೀನು ಅಪ್ಲೈ ಮಾಡಿದ್ರೆ ನಂಗೆಲ್ಲಿ ಸಿಗ್ತಿತ್ತಕ್ಕಾ? ವೀಸಾ ಬೇರೆ ಮುಗೀತಾ ಬಂದಿತ್ತು."

"ಅದನ್ನೇ ನನ್ನ ಹತ್ರ ಹೇಳ್ಬಹುದಿತ್ತಲ್ಲೇ."

"ಹೇಳಿದ್ರೆ ಬಿಟ್ಟುಕೊಡ್ತಿದ್ಯಾ?"

ಮೈತ್ರೇಯಿ ಯೋಚಿಸಿದಳು. "ಗೊತ್ತಿಲ್ಲ. ಇನ್ಮೇಲೆ ಗೊತ್ತಾಗೋದೂ ಇಲ್ಲ."

ಹಂಸಾ ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು: "ಪ್ರೊಫೆಸರ್‌ಗೆ ಹೇಳ್ತೀಯಾ?"

ಅಲ್ಲಿಯವರೆಗೆ ಮೈತ್ರೇಯಿಯಲ್ಲಿ ಉಳಿದಿದ್ದ ಚೂರುಪಾರು ಮರುಕವೂ ಬತ್ತಿಹೋಯಿತು. "ನೀನೇ ಹೇಳು," ಎಂದು ಸೈಕಲ್ ಹತ್ತಿದಳು.

ಹಂಸಾ ಹೇಳಲಿಲ್ಲ. ಮೈತ್ರೇಯಿಯೂ ಬಾಯಿಬಿಡಲಿಲ್ಲ. ಏಪ್ರಿಲ್ ಬಂದಾಗ ಲ್ಯಾಬಿನವರೆಲ್ಲ ಹಂಸಾಳನ್ನು ರೈಲು ಹತ್ತಿಸಲು ಹೋದರು. ಮೈತ್ರೇಯಿ ಮಾತ್ರ ಹೋಗಲಿಲ್ಲ.