ಎರಡು ಮೈ, ಒಂದೇ ಏಟು

ಒರೆ ಕಳಚಿದ ಕತ್ತಿ ಕೈಯಲ್ಲಿರುವಾಗ ಮಾತಾಡಬಾರದು. ಹಳೆಯ ಕತ್ತಿ ಸಂಗ್ರಹಿಸುವ ನಮ್ಮ ಬಳಗದಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠ ಇದು. ಉಗುಳಿನ ಒಂದು ಹನಿ ಸಿಡಿದರೆ ಸಾಕು, ನಾಲ್ಕು ನೂರು ವರ್ಷದ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತಲೆಬಾಗಿ ಎತ್ತಿಕೊಳ್ಳಬೇಕು, ದೀಪಕ್ಕೆ ಹಿಡಿದು ನೋಡಬೇಕು, ಹರಿತವನ್ನು ನಮ್ಮ ಕಡೆಗೆ ಇಟ್ಟುಕೊಂಡು ಪಕ್ಕದವರಿಗೆ ದಾಟಿಸಬೇಕು. ಬಾಯಿ ಬಿಡುವುದು ಆಮೇಲೆ.

ನನಗೆ ಕಷ್ಟವಾಗಲಿಲ್ಲ. ಬಾಯಿ ಬಿಡದೆ ಬದುಕುವುದು ನಮ್ಮ ಕೇರಿಯಲ್ಲಿ ಹುಟ್ಟಿದವರಿಗೆ ಹೊಸದಲ್ಲ.

ಹದಿನಾರನೇ ವಯಸ್ಸಿಗೆ ಚರ್ಮ ಹದ ಮಾಡುವ ಕಾರ್ಖಾನೆ ಸೇರಿದವನು ನಾನು, ಈಗ ಐವತ್ತನಾಲ್ಕು. ಹೆಣ, ಸತ್ತ ದನ, ಚರ್ಮ ಮುಟ್ಟುವವರೆಂದು ಹಿಂದಿನ ದೊರೆಗಳು ಹೊಳೆಯಾಚೆ ಇಟ್ಟ ಜನ ನಾವು. ಕಾನೂನು ನಮ್ಮನ್ನು ಎಲ್ಲರ ಸಮ ಎಂದು ಸಾರಿ ನೂರು ವರ್ಷ ದಾಟಿದೆ. ಆದರೂ ಹತ್ತು ವರ್ಷದ ಹಿಂದೆ ನಮ್ಮಂಥ ಕೇರಿಗಳ ಹೆಸರನ್ನೆಲ್ಲ ಪುಸ್ತಕ ಮಾಡಿ ಗುಟ್ಟಾಗಿ ಮಾರಿದರು. ಕಂಪನಿಗಳು ಅದನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡು ನಮ್ಮ ಮಕ್ಕಳ ಅರ್ಜಿಗಳನ್ನು ಪಕ್ಕಕ್ಕೆ ಸರಿಸಿದವು. ಹಾಗಾಗಿ ಬಳಗದಲ್ಲಿ ನಾನು ಹೇಳಿದ್ದು, "ಗೋದಾಮಿನಲ್ಲಿ ಕೆಲಸ, ಪೇಟೆಯಲ್ಲೇ ಮನೆ."

ತಿಂಗಳ ಮೊದಲ ಭಾನುವಾರ ಬೆಳಿಗ್ಗೆ, ಹೊರಡುವ ಮುಂಚೆ, ಉಗುರುಗಳ ಸಂದಿಗೆ ಲವಂಗದ ಎಣ್ಣೆ ತಿಕ್ಕುತ್ತಿದ್ದೆ. ಕತ್ತಿಗೆ ಹಚ್ಚುವುದೂ ಅದನ್ನೇ, ಯಾರಿಗೂ ಅನುಮಾನ ಬರುವುದಿಲ್ಲ. ಸುಣ್ಣದ ನೀರಿನಲ್ಲಿ ನೆನೆದ ತೊಗಲಿನ ವಾಸನೆ ಸೋಪಿಗೆ ಬಗ್ಗುವಂಥದ್ದಲ್ಲ.

"ಕತ್ತಿಗೆ ಎಣ್ಣೆ, ಉಗುರಿಗೆ ಎಣ್ಣೆ. ನನ್ನ ಮೊಣಕಾಲಿಗೆ ಯಾವಾಗ?" ಎಂದು ನನ್ನ ಹೆಂಡತಿ ಫುಮಿಯೆ ಕೇಳುತ್ತಿದ್ದಳು.

"ನಿನ್ನ ಮೊಣಕಾಲು ತುಕ್ಕು ಹಿಡಿಯಲ್ಲ ಕಣೆ."

"ಹಿಡಿದಾಗಿದೆ. ನೀವು ನೋಡಿಲ್ಲ ಅಷ್ಟೆ."

ನಾನು ಕೊಂಡ ಮೊದಲ ಕತ್ತಿ ಮೊಣಕೈಯುದ್ದದ ಗಿಡ್ಡ ಕತ್ತಿ. ಬಳಗದಲ್ಲಿ ಬಿಚ್ಚಿಟ್ಟಾಗ ಮೀನಂಗಡಿಯ ಯುಗೆ ಅದನ್ನು ದೀಪಕ್ಕೆ ಹಿಡಿದು, ಕೆಳಗಿಟ್ಟು, ನಿಟ್ಟುಸಿರು ಬಿಟ್ಟ. "ಅಮಾಗಾತ ಅವರೇ, ಪಾಪ, ಇದು ದಣಿದಿದೆ." ಸಾಣೆ ಹಿಡಿದು ಹಿಡಿದು ಮೇಲಿನ ಉಕ್ಕೆಲ್ಲ ಸವೆದು ಒಳಗಿನ ಮೆತ್ತನೆ ಕಬ್ಬಿಣ ಕಾಣುವ ಕತ್ತಿಗೆ ಅವರು ಹೇಳುವ ಮಾತು ಅದು. ಹೊಸಬರೆಲ್ಲ ಮೊದಲು ಕೊಳ್ಳುವುದು ಇಂಥದ್ದನ್ನೇ ಎಂದು ನಕ್ಕರು. ಅಣಕದ ನಗೆಯಲ್ಲ, ಸೇರಿಸಿಕೊಳ್ಳುವ ನಗೆ. ಐವತ್ತು ವರ್ಷದಲ್ಲಿ ಅಂಥ ನಗೆ ನನ್ನ ಪಾಲಿಗೆ ಬಂದದ್ದು ಅದೇ ಮೊದಲು. ಮೂರು ವರ್ಷ ನಾನು ಬಳಗ ಸೇರುವ ಮಹಡಿಯ ಕೋಣೆಗೆ ಹೋದದ್ದು ಕತ್ತಿಗಾಗಿ ಎಷ್ಟೋ, ಆ ನಗೆಗಾಗಿಯೂ ಅಷ್ಟೇ. ಅಲ್ಲಿ ನಾನು ಬರೇ ಒಬ್ಬ ಮನುಷ್ಯ. ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಆ ಸಲದ ಶರತ್ಕಾಲಕ್ಕೆ ಊರ ಭವನದಲ್ಲಿ ಕತ್ತಿಗಳ ಪ್ರದರ್ಶನ ಇಡಬೇಕೆಂದು ತೀರ್ಮಾನವಾಯಿತು. ಬಳಗದ ಹಿರಿಯರಾದ ನಿವೃತ್ತ ಮುಖ್ಯೋಪಾಧ್ಯಾಯ ಹಿರಾಯಿವಾ ಮೇಷ್ಟ್ರು ತಮ್ಮ ಮನೆತನದ ಕತ್ತಿ ತಂದರು. ಒಮ್ಮೆಯೂ ಯುದ್ಧ ಕಾಣದ, ಮೈತುಂಬಿದ ಉಕ್ಕು. ಅಲಗಿನುದ್ದಕ್ಕೂ ಬೆಳಗಿನ ಮಂಜಿನಂಥ ಬಿಳಿ ಗೆರೆ. ಮೇಷ್ಟ್ರು ಹಿಡಿ ಬಿಡಿಸಿ ಬುಡವನ್ನು ತೋರಿಸಿದರು. ಕಪ್ಪು ತುಕ್ಕಿನ ಮೇಲೆ ಚಿನ್ನ ಕೂರಿಸಿದ ಅಕ್ಷರ.

"ಹೊಸಬರು ಓದಲಿ. ಅಮಾಗಾತ ಅವರೇ, ಮೊದಲು ಮನಸ್ಸಿನಲ್ಲೇ ಓದಿಕೊಳ್ಳಿ. ಕೆಳಗಿಟ್ಟು ಆಮೇಲೆ ಹೇಳಿ."

ಎತ್ತಿಕೊಂಡೆ. ಎರಡು ಮೈ, ಒಂದೇ ಏಟಿಗೆ ತುಂಡು. ಕಡಿದವನ ಹೆಸರು. ವರ್ಷ, ತಿಂಗಳು, ದಿನ. ಕುರೊಸೆ ಹೊಳೆದಂಡೆಯಲ್ಲಿ.

ತಲೆ ತೆಗೆಸಿಕೊಂಡವರ ಹೆಣಗಳನ್ನು ಮರಳ ದಿಬ್ಬದ ಮೇಲೆ ಒಂದರ ಮೇಲೊಂದು ಪೇರಿಸಿ ಹೊಸ ಕತ್ತಿಯ ಹರಿತ ನೋಡುತ್ತಿದ್ದ ಕಾಲ ಅದು. ಎಷ್ಟು ಮೈ ಕಡಿದರೆ ಕತ್ತಿಗೆ ಅಷ್ಟು ಬೆಲೆ. ಅದು ನನಗೆ ಗೊತ್ತಿತ್ತು, ಬಳಗದಲ್ಲೇ ಕಲಿತದ್ದು. ಮೀನಂಗಡಿಯ ಯುಗೆ ಆಗಲೇ ಬಗ್ಗಿ ನೋಡಿ ಹಿಂದೆ ಸರಿದಿದ್ದ.

"ನಾನು ದಿನಾ ಮುನ್ನೂರು ಮೈ ಕಡೀತೀನಿ. ನನ್ನ ಚೂರಿ ಮೇಲೆ ಯಾವನೂ ಚಿನ್ನದಲ್ಲಿ ಬರೆದಿಲ್ಲ ನೋಡಿ" ಎಂದ.

"ನಿನ್ನ ಚೂರಿಗೆ ಮನೆತನ ಇಲ್ಲ, ಅದಕ್ಕೆ" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. "ಆದರೆ ಈ ಕುರೊಸೆ ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ. ಇಪ್ಪತ್ತು ವರ್ಷದಿಂದ ಹುಡುಕ್ತಿದೀನಿ, ಯಾವ ನಕ್ಷೆಯಲ್ಲೂ ಇಲ್ಲ. ಪ್ರದರ್ಶನದ ಹಾಳೆಯಲ್ಲಿ ಅದೊಂದು ಸಾಲು ಖಾಲಿ."

ನಕ್ಷೆಯಲ್ಲಿ ಯಾಕಿಲ್ಲ ಎಂದು ನನಗೆ ಗೊತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮಪ್ಪಂದಿರು ಕಚೇರಿಗೆ ಅಲೆದು ಆ ಹೆಸರು ತೆಗೆಸಿದರು. ಹೆಸರು ಕೇಳಿದರೆ ಹೆಣ್ಣು ಕೊಡುತ್ತಿರಲಿಲ್ಲ, ಕೆಲಸ ಕೊಡುತ್ತಿರಲಿಲ್ಲ. ಈಗ ಅದು ಮಿದೊರಿಮಾಚಿ. ಹಸಿರು ಬಣ್ಣದ ಒಂದು ಫಲಕ ಇದೆ. ಚರ್ಮ ಒಣಗಿಸುವ ಬಯಲಿನ ಹಿಂದೆ ಒಂದು ಸಣ್ಣ ಮಣ್ಣಿನ ಗುಡ್ಡೆ, ಎರಡು ಬೋಳು ಕಲ್ಲು. ಆ ಹೆಣಗಳನ್ನು ಕಟ್ಟಿ ದಿಬ್ಬಕ್ಕೆ ಹೊತ್ತವರು, ಆಮೇಲೆ ನಾಲ್ಕು ತುಂಡು ಹೆಕ್ಕಿ ಹೂಳಿದವರು ನಮ್ಮವರು. ನನ್ನಜ್ಜಿ ಪ್ರತಿ ಆಗಸ್ಟಿನಲ್ಲೂ, ಸತ್ತವರು ಮನೆಗೆ ಬರುವ ದಿನ, ಆ ಕಲ್ಲುಗಳಿಗೆ ನೀರು ಸುರಿದು ಹೆಸರು ಹಿಡಿದು ಕರೆಯುತ್ತಿದ್ದಳು. ಯೊಹೆಯ್, ಗೆನ್ಸುಕೆ. ಒಬ್ಬ ಉಗ್ರಾಣದ ಅಕ್ಕಿ ಕದ್ದವ. ಇನ್ನೊಬ್ಬ ತೆರಿಗೆ ಇಳಿಸಿ ಎಂದು ಅರ್ಜಿ ಹೊತ್ತುಕೊಂಡು ಹೋದವ.

ಕಮ್ಮಾರನ ಹೆಸರಿದೆ. ಕಡಿದವನ ಹೆಸರಿದೆ. ಕಡಿಸಿಕೊಂಡವರು ಬರೇ ಒಂದು ಲೆಕ್ಕ.

ನನಗೆ ಸಿಟ್ಟು ಬಂತು ಎಂದು ಹೇಳಿದರೆ ಸುಳ್ಳಾದೀತು. ಸುಸ್ತಾಗಿತ್ತು. ಮೂರು ವರ್ಷ ಉಗುರು ತಿಕ್ಕಿದ ಸುಸ್ತು, ಅಪ್ಪ ಕಚೇರಿಗೆ ಅಲೆದ ಸುಸ್ತು, ಎಲ್ಲ ಸೇರಿ ಮಣಿಕಟ್ಟಿಗೆ ಇಳಿದಿತ್ತು. ಕತ್ತಿ ಕೆಳಗಿಡುವುದನ್ನೂ ಮರೆತು ಬಾಯಿ ಬಿಟ್ಟೆ.

"ಕುರೊಸೆ ನಮ್ಮೂರು. ಈಗಿನ ಮಿದೊರಿಮಾಚಿ. ಆ ಇಬ್ಬರನ್ನು ಹೂತ ಗುಡ್ಡೆ ಅಲ್ಲೇ ಇದೆ. ನಾನು ಅಲ್ಲಿಯವನೇ. ಚರ್ಮದ ಕೆಲಸ ನಂದು."

ಮೇಷ್ಟ್ರು ಎರಡೂ ಕೈ ಚಾಚಿದರು.

"ಮಾತಾಡುವಾಗ ಕತ್ತಿ ಕೆಳಗಿಡಬೇಕು, ಅಮಾಗಾತ ಅವರೇ."

ತೆಗೆದುಕೊಂಡು ಮೆತ್ತನೆಯ ಕಾಗದದಿಂದ ಅಲಗನ್ನು ಒರೆಸಿದರು. ಆಮೇಲೆ ನಾನು ಹಿಡಿದಿದ್ದ ಬುಡವನ್ನೂ ಒರೆಸಿದರು. ಅಲಗು ಒರೆಸುವುದು ನಿಯಮ. ಬುಡ ಒರೆಸುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಾಗಂತ ನಾನು ಕಲಿತದ್ದಾದರೂ ಎಷ್ಟು, ಮೂರೇ ವರ್ಷ. ಒಬ್ಬ ಮನುಷ್ಯ ಕಾಗದದಿಂದ ಏನನ್ನು ಒರೆಸುತ್ತಿದ್ದಾನೆ ಎಂದು ಜೀವಮಾನವಿಡೀ ಊಹಿಸುತ್ತ ಕೂರುವುದಿದೆಯಲ್ಲ, ನಮ್ಮನ್ನು ಸವೆಸುವುದು ಅದೇ.

ಮೇಷ್ಟ್ರ ಮುಖ ನಿಧಾನಕ್ಕೆ ಅರಳಿತು. "ಎಂಥ ಭಾಗ್ಯ. ಇಪ್ಪತ್ತು ವರ್ಷ ಹುಡುಕಿದ್ದು ನಮ್ಮ ಪಕ್ಕದಲ್ಲೇ ಕೂತಿತ್ತು. ಮುಂದಿನ ಭಾನುವಾರ ಎಲ್ಲರೂ ಅಲ್ಲಿಗೆ ಹೋಗೋಣ. ಕತ್ತಿ ತಗೊಂಡು ಹೋಗಿ ಆ ಗುಡ್ಡೆ ಮುಂದೆ ಒಂದು ಫೋಟೊ. ಹಾಳೆಯಲ್ಲಿ ಹಾಕೋಣ."

ಓಡಿಸುತ್ತಾರೆ ಎಂದುಕೊಂಡಿದ್ದೆ. ಇದಕ್ಕೆ ನಾನು ತಯಾರಿರಲಿಲ್ಲ.

"ಅವರಿಗೆ ಹೆಸರಿದೆ ಮೇಷ್ಟ್ರೇ. ಯೊಹೆಯ್, ಗೆನ್ಸುಕೆ. ಅದನ್ನೂ ಹಾಕಿ."

"ದಾಖಲೆ ಇದೆಯಾ?"

"ಅಜ್ಜಿ ಹೇಳ್ತಿದ್ದಳು."

"ಬಾಯಿಮಾತು." ಅವರು ಬೇಸರದಿಂದಲೇ ತಲೆಯಾಡಿಸಿದರು, ದಡ್ಡ ವಿದ್ಯಾರ್ಥಿಗೆ ಆಡಿಸುವ ಹಾಗೆ. "ಉಕ್ಕಿನ ಮೇಲೆ ಇರೋದನ್ನ ಮಾತ್ರ ನಾವು ಓದಬೇಕು."

"ಊರು ಎಲ್ಲಿದೆ ಅಂದದ್ದೂ ನನ್ನ ಬಾಯಿಮಾತೇ. ಅದನ್ನ ತಕ್ಷಣ ತಗೊಂಡ್ರಲ್ಲ."

ಯುಗೆ ತನ್ನ ಕಾಲುಬೆರಳು ನೋಡಿಕೊಂಡ. ಮೇಷ್ಟ್ರು ಕತ್ತಿಗೆ ಎಣ್ಣೆ ಹಚ್ಚತೊಡಗಿದರು.

"ಊರು, ಅವರ ಹೆಸರು, ಎರಡೂ ಹಾಕಿ, ಇಲ್ಲಾಂದ್ರೆ ಎರಡೂ ಬೇಡ" ಎಂದೆ. "ಕತ್ತಿ ಹಿಡ್ಕೊಂಡು ಅಲ್ಲಿಗೆ ಬರೋದಂತೂ ಬೇಡವೇ ಬೇಡ."

"ಯೋಚಿಸ್ತೀನಿ" ಎಂದರು. ನಮ್ಮ ಕಡೆ ಆ ಮಾತಿಗೆ ಆಗುವುದಿಲ್ಲ ಎಂದೇ ಅರ್ಥ.

ಮುಂದಿನ ತಿಂಗಳು ಬಳಗ ಸೇರುವ ದಿನದ ಕಾರ್ಡು ನನಗೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಅಂಚೆಯ ತಪ್ಪೂ ಇರಬಹುದು, ಯಾರಿಗೆ ಗೊತ್ತು.

ಪ್ರದರ್ಶನದ ದಿನ ಹೋದೆ. ಫುಮಿಯೆಯೂ ಬಂದಳು, ಮೊಣಕಾಲು ನೋವು ಎಂದು ಗೊಣಗುತ್ತಲೇ. ಗಾಜಿನೊಳಗೆ ಮೇಷ್ಟ್ರ ಕತ್ತಿ ಮಲಗಿತ್ತು, ಚಿನ್ನದ ಅಕ್ಷರ ಕಾಣಲೆಂದು ಬುಡದ ಕೆಳಗೆ ಕನ್ನಡಿ. ಪಕ್ಕದ ಹಾಳೆಯಲ್ಲಿ ಎಲ್ಲ ಇತ್ತು. ಕೊನೆಯ ಸಾಲು: ಕುರೊಸೆ, ಸ್ಥಳ ತಿಳಿದುಬಂದಿಲ್ಲ.

ಗೊತ್ತಿದ್ದೂ ಬರೆದ ಸಾಲು. ಎರಡು ಹೆಸರು ಬರೆಯುವುದಕ್ಕಿಂತ ಒಂದು ಊರನ್ನೇ ಇಲ್ಲವಾಗಿಸುವುದು ಅವರಿಗೆ ಸುಲಭವಾಯಿತು.

ನಾನು ಅಲ್ಲೇ ನಿಂತೆ. ಜನ ಒಬ್ಬೊಬ್ಬರಾಗಿ ಬಂದು, ಬಗ್ಗಿ, ಕೊನೆಯ ಸಾಲಿನವರೆಗೆ ಓದಿದಾಗ ಮೆಲ್ಲಗೆ ಹೇಳಿದೆ: ಸ್ಥಳ ನನಗೆ ಗೊತ್ತು. ಹೆಸರೂ ಗೊತ್ತು. ಕೆಲವರು ಕೇಳಿಸದಂತೆ ಮುಂದೆ ಹೋದರು. ಟೋಪಿ ಹಾಕಿದ್ದ ಮುದುಕನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಳೇದನ್ನ ಯಾಕ್ರೀ ಕೆದಕ್ತೀರಿ" ಎಂದ. ಹಳೆಯದನ್ನು ನೋಡಲೆಂದೇ ಟಿಕೆಟ್ ಕೊಂಡು ಬಂದವನು ಅವನು. ಕಾಲೇಜಿನ ಹುಡುಗಿಯೊಬ್ಬಳು ಎರಡು ಹೆಸರನ್ನೂ ಕೈ ಮೇಲೆ ಬರೆದುಕೊಂಡಳು, ಕಾಗದ ಇರಲಿಲ್ಲವಂತೆ. ಬಾಗಿಲ ಬಳಿಯಿಂದ ಮೇಷ್ಟ್ರು ನೋಡುತ್ತಿದ್ದರು. ಹತ್ತಿರ ಬರಲಿಲ್ಲ. ಅಷ್ಟು ಜನರ ನಡುವೆ ಸದ್ದು ಮಾಡುವವರಲ್ಲ ಅವರು.

ಮಧ್ಯಾಹ್ನದ ಹೊತ್ತಿಗೆ ಹೇಳಿ ಹೇಳಿ ನನ್ನ ದನಿ ಒಡೆಯಿತು. ಫುಮಿಯೆ ಎಲ್ಲಿಂದಲೋ ಒಂದು ಮಡಚುವ ಕುರ್ಚಿ ತಂದು ಇಟ್ಟಳು. ತನಗೆ ಎಂದುಕೊಂಡೆ.

"ಕೂತ್ಕೊಳ್ಳಿ, ಬೆಳಿಗ್ಗೆಯಿಂದ ನಿಂತೇ ಇದೀರಿ."

ಕೂತೆ. ಗಂಡ ಹೆಂಡತಿ ಇಬ್ಬರು ಬಂದು ಗಾಜಿನ ಮೇಲೆ ಬಗ್ಗಿದರು. ಗಂಡಸು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, "ಛೆ, ಎಲ್ಲಿತ್ತೋ ಏನೋ" ಎಂದ.

ಫುಮಿಯೆ ಒಂದು ಹೆಜ್ಜೆ ಮುಂದೆ ಹೋದಳು. ಮೂವತ್ತು ವರ್ಷ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮಗಳ ಶಾಲೆಯಲ್ಲಿ, ಎಲ್ಲೂ ಊರಿನ ಹೆಸರು ಬಾಯಿಗೆ ತಾರದಿದ್ದವಳು.

"ಹೊಳೆಯಾಚೆ," ಎಂದಳು, "ಚರ್ಮ ಒಣಗಿಸೋ ಬಯಲಿನ ಹಿಂದೆ. ನಮ್ಮೂರು ಅದು."