ಹೊಂಗೆಯಡಿಯ ಆರು ಪೆಟ್ಟಿಗೆ

ಪಟಾಕಿ ಸರದ ಬತ್ತಿಗೆ ಕಡ್ಡಿ ತಾಗಿಸಲು ಬಗ್ಗಿದ್ದವನ ಕೈಯಿಂದ ಹನುಮಂತಯ್ಯ ಬೆಂಕಿಪೊಟ್ಟಣ ಕಿತ್ತುಕೊಂಡ.

“ಬ್ಯಾಡ ಕಣ್ಲಾ. ಒಂದು ಪಟಾಕಿನೂ ಹಚ್ಚಂಗಿಲ್ಲ. ತಮಟೆಯೋರ್ಗೂ ಹೇಳು, ರಸ್ತೇಲೇ ನಿಂತ್ಕಳ್ಳಿ.”

ಕೋಡಿಹಳ್ಳಿ ರಸ್ತೆಯ ಆ ಮನೆಯ ಮುಂದೆ ಬೆಳಿಗ್ಗೆಯಿಂದ ಜನ ಸೇರುತ್ತಲೇ ಇದ್ದರು. ಹುಚ್ಚಯ್ಯನನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಿಂದಿನ ಸಂಜೆ ಕಾಫಿ ಲೋಟ ಕೆಳಗಿಟ್ಟವನು ಮತ್ತೆ ಎದ್ದಿರಲಿಲ್ಲ. ಎಪ್ಪತ್ತೆರಡು ವರ್ಷ. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಮೆಕ್ಯಾನಿಕ್ ಆಗಿದ್ದು, ನಿವೃತ್ತನಾದ ಮೇಲೆ ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಜೇನು ಸಾಕಿ, ರಸ್ತೆ ಬದಿಯ ಕೋಣೆಯಲ್ಲಿ ಪುಟ್ಟದೊಂದು ಅಂಗಡಿ ಇಟ್ಟಿದ್ದ. ಸಂಗಮದ ಕಡೆ ಹೋಗುವವರು ಬೈಕು ನಿಲ್ಲಿಸಿ ಜೇನುತುಪ್ಪ ಕೊಳ್ಳುತ್ತಿದ್ದರು. ಜೇನು ನೋಡಬೇಕು ಅಂದವರನ್ನು ಹಿತ್ತಿಲಿಗೆ ಕರೆದೊಯ್ದು ತೋರಿಸುತ್ತಿದ್ದ. ಹನುಮಂತಯ್ಯ ಅದೇ ಡಿಪೋದಲ್ಲಿ ಅವನ ಜೊತೆ ಬಸ್ಸಿನಡಿ ಮಲಗಿ ಕೆಲಸ ಮಾಡಿದವನು.

ಹುಚ್ಚಯ್ಯನ ಅಕ್ಕ ಮಾರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಬಂದಳು.

“ಏನಪ್ಪ ಹನುಮಂತಯ್ಯ, ನನ್ನ ತಮ್ಮ ಸದ್ದಿಲ್ದೆ ಹೋಗ್ಬೇಕಾ? ಅವನೇನು ಕದ್ದು ಓಡೋಯ್ತಾ ಅವ್ನಾ?”

“ಅಕ್ಕಾ, ಗುಂಡಿ ತೋಡಿರೋದು ಹಿತ್ತಲ ಹೊಂಗೆ ಮರದ ಪಕ್ಕ. ಅಲ್ಲಿಂದ ಹತ್ತೇ ಹೆಜ್ಜೆಗೆ ಆರು ಪೆಟ್ಟಿಗೆ ಜೇನು ಐತೆ. ಸದ್ದು ಮಾಡುದ್ರೆ ಎದ್ಬುಡ್ತವೆ. ಇಷ್ಟು ಜನ ಎಲ್ಲೋಗನ?”

“ಪೆಟ್ಟಿಗೆ ಎತ್ತಿ ಅತ್ಲಾಗಿಡ್ರಿ ಮತ್ತೆ.”

“ಎತ್ತೋನು ಅಲ್ಲಿ ಕೂತವ್ನಲ್ಲ ಅಕ್ಕಾ,” ಎಂದ ಹನುಮಂತಯ್ಯ, ಜಗುಲಿಯ ಕಡೆ ಕಣ್ಣು ತೋರಿಸಿ.

ಮಾರಮ್ಮ ತಿರುಗಿ ನೋಡಿದಳು. ತಮ್ಮನ ಹಣೆಯ ಮೇಲಿದ್ದ ನಾಣ್ಯ ಸ್ವಲ್ಪ ಜಾರಿತ್ತು. ಹೋಗಿ ಅದನ್ನು ಸರಿಮಾಡಿದಳು. ಆದರೂ ಅವಳ ಸಿಟ್ಟು ಇಳಿಯಲಿಲ್ಲ.

ಒಳಕೋಣೆಯಲ್ಲಿ ಮಗಳು ಪದ್ಮಶ್ರೀ ತಾಯಿಯ ಪಕ್ಕ ಕೂತಿದ್ದಳು. ಚನ್ನಪಟ್ಟಣದ ಕಾಲೇಜೊಂದರಲ್ಲಿ ಪಾಠ ಹೇಳುವವಳು; ಸುದ್ದಿ ತಿಳಿದೊಡನೆ ಹೊರಟು ಬಂದಿದ್ದಳು. “ಅಮ್ಮ, ಊರ ಮಸಣಕ್ಕೇ ಹೋಗಣ. ಯಾರಿಗಾದ್ರೂ ಕಚ್ಚಿದ್ರೆ ಏನ್ ಗತಿ?” ಎಂದು ಕೇಳಿದಳು.

“ಮರದಡಿಗೇ ಅಂತ ನಿಮ್ಮಪ್ಪ ಹೇಳಿದ್ರು,” ಎಂದಳು ನಾಗಲಕ್ಷ್ಮಮ್ಮ. “ಅಲ್ಲಿಗೇ.”

*

ಹನ್ನೆರಡು ವರ್ಷದ ಹಿಂದೆ ನಾಗಲಕ್ಷ್ಮಮ್ಮ ಮಾತಾಡುವುದನ್ನೇ ಬಿಟ್ಟಿದ್ದಳು. ಮಗ ಸಿದ್ಧಾರ್ಥ ಹಾರೋಹಳ್ಳಿಯ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನು ದಾರಿಯಲ್ಲೇ ಹೋಗಿಬಿಟ್ಟ. ಇಪ್ಪತ್ಮೂರು ವರ್ಷದ ಹುಡುಗ. ಆಮೇಲಿನ ಒಂದೂವರೆ ವರ್ಷ ಅವಳು ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಕೇಳಿದ್ದಕ್ಕೆ ಹ್ಞೂಂ ಅಂದಳು. ಅಷ್ಟೇ. ಹುಚ್ಚಯ್ಯ ಕೆಲಸದಿಂದ ನಿವೃತ್ತನಾಗಿ ಮನೆಗೆ ಬಂದಾಗ ಆ ಮನೆಯಲ್ಲಿ ಇಬ್ಬರು ಮನುಷ್ಯರೂ ಒಂದು ಗಡಿಯಾರವೂ ಇದ್ದವು. ಸದ್ದು ಮಾಡುತ್ತಿದ್ದದ್ದು ಗಡಿಯಾರ ಮಾತ್ರ.

ಪದ್ಮಶ್ರೀ ಬಲವಂತ ಮಾಡಿ ಇಬ್ಬರನ್ನೂ ಕರಾವಳಿಗೆ ಹೋಗುವ ಟೂರಿನ ಬಸ್ಸು ಹತ್ತಿಸಿದಳು. ಮೂರನೆಯ ದಿನ ಕುಂದಾಪುರದ ಕಡೆ, ಹೊಳೆ ಸಮುದ್ರ ಸೇರುವಲ್ಲಿನ ಒಂದು ನಡುಗಡ್ಡೆಗೆ ದೋಣಿಯಲ್ಲಿ ಕರೆದೊಯ್ದರು. ಅಲ್ಲಿನವರು ಅದನ್ನು ಕುದ್ರು ಅನ್ನುತ್ತಿದ್ದರು. ನಾಲ್ಕೂ ಕಡೆ ಉಪ್ಪುನೀರು, ನಡುವೆ ತೆಂಗಿನ ಮರಗಳು, ಮರಗಳ ನೆರಳಲ್ಲಿ ಕಂಬದ ಮೇಲೆ ಕೂರಿಸಿದ ಸಾಲು ಪೆಟ್ಟಿಗೆ. ಮನೆಯ ಜಗುಲಿಯೇ ಅಂಗಡಿ. ಅಂಬುಜಮ್ಮ ಎಂಬ ಹೆಂಗಸು ಬಂದವರ ಅಂಗೈಗೆಲ್ಲ ಒಂದೊಂದು ಚಮಚ ತುಪ್ಪ ಹಾಕುತ್ತಿದ್ದಳು.

ಹುಚ್ಚಯ್ಯ ದೋಣಿಕಟ್ಟೆಯಲ್ಲೇ ನಿಂತುಬಿಟ್ಟ. ಹೊಳೆ ನೋಡುವವನಂತೆ ಬೆನ್ನು ತಿರುಗಿಸಿಕೊಂಡು ನಿಂತಿದ್ದ.

“ಹೆದ್ರ್ಬೇಡಿ ಮಾರಾಯ್ರೆ, ಬನ್ನಿ,” ಎಂದು ಅಂಬುಜಮ್ಮ ಕೂಗಿದಳು. “ಅವಕ್ಕೆ ಅವುಗಳದ್ದೇ ರಾಶಿ ಕೆಲ್ಸ ಉಂಟು. ನಿಮ್ಮನ್ನ ಕಟ್ಕೊಂಡು ಎಂತ ಮಾಡ್ತವೆ?”

ಎಲ್ಲರೂ ನಕ್ಕರು. ಅಂಬುಜಮ್ಮ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದಳು. ಬೆಳಗ್ಗೆ ಹೋದ ಹುಳ ಎರಡು ಕಿಲೋಮೀಟರ್ ಆಚೆಯಿಂದಲೂ ಇದೇ ಪೆಟ್ಟಿಗೆಗೆ ಬರುತ್ತದೆ, ಪಕ್ಕದ್ದಕ್ಕೆ ಹೋಗುವುದಿಲ್ಲ ಎಂದು ಹೇಳುತ್ತಿದ್ದಳು. ಆಗ ಗುಂಪಿನಿಂದ ಒಂದು ದನಿ ಕೇಳಿತು:

“ಒಂದು ಹುಳ ವಾಪಸ್ ಬರ್ದೆ ಹೋದ್ರೆ, ಮಿಕ್ಕವಕ್ಕೆ ಗೊತ್ತಾಯ್ತದಾ?”

ಹುಚ್ಚಯ್ಯ ಗಕ್ಕನೆ ತಿರುಗಿದ. ಆ ದನಿಯಲ್ಲಿ ಹ್ಞೂಂ ಬಿಟ್ಟು ಬೇರೆ ಮಾತನ್ನು ಅವನು ಕೇಳಿ ಒಂದೂವರೆ ವರ್ಷವಾಗಿತ್ತು.

ಅಂಬುಜಮ್ಮ ಉತ್ತರ ಹೇಳುವ ಮೊದಲು ನಾಗಲಕ್ಷ್ಮಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. “ಗೊತ್ತಾಗ್ತದೋ ಇಲ್ಲವೋ ನಾ ಕಾಣೆ ಅಮ್ಮ. ಬಾಗ್ಲು ಮಾತ್ರ ಅವು ಮುಚ್ಚೂದಿಲ್ಲ,” ಎಂದಳು. ಇನ್ನೊಂದು ಚಮಚ ತುಪ್ಪವನ್ನು ಅವಳ ಅಂಗೈಗೆ ಹಾಕಿದಳು.

ಹಿಂದಿರುಗುವಾಗ ದೋಣಿಯಲ್ಲಿ ನಾಗಲಕ್ಷ್ಮಮ್ಮ ಗಂಡನ ಕಡೆ ವಾಲಿ, “ನಮ್ಮೂರಲ್ಲಿ ಅವು ಬದುಕ್ತವಾ? ನಮ್ಮ ಹಿತ್ಲಲ್ಲಿ ಹೊಂಗೆ ಐತಲ್ಲ,” ಅಂದಳು.

ಜೇನಿನ ವಿಷಯ ಹುಚ್ಚಯ್ಯನಿಗೆ ಅಆಇಈ ಗೊತ್ತಿರಲಿಲ್ಲ. “ಬದುಕ್ದೆ ಏನು,” ಅಂದ. “ತಕ್ಕಂಬತ್ತೀನಿ ಬುಡು.”

*

ಮಧ್ಯಾಹ್ನದ ಹೊತ್ತಿಗೆ ಕನಕಪುರದಿಂದ ರಸೂಲ್ ಬಂದ. ಅವನದು ಬಸ್‌ಸ್ಟ್ಯಾಂಡ್ ಹತ್ತಿರ ಔಷಧಿ ಅಂಗಡಿ. ಅದನ್ನು ಮುಚ್ಚಿ ಬಂದಿದ್ದ. ಜಗುಲಿಯ ಮುಂದೆ ಕೈಕಟ್ಟಿ ಸ್ವಲ್ಪ ಹೊತ್ತು ನಿಂತು, ಶಾಮಿಯಾನದ ಕೆಳಗೆ ಹನುಮಂತಯ್ಯನ ಪಕ್ಕ ಕುರ್ಚಿ ಎಳೆದುಕೊಂಡ. ಅಲ್ಲಿ ಹುಚ್ಚಯ್ಯನ ಮಾತೇ ನಡೆದಿತ್ತು.

“ಒಂದಿನಾನೂ ಕಚ್ಚಿಲ್ಲ ಕಣ್ರಿ ಅವನ್ಗೆ,” ಎಂದ ಒಬ್ಬ. “ಅದೇನೋ ಮಂತ್ರ ಗೊತ್ತಿತ್ತು.”

“ಯಾರಿಗೆ, ಅಣ್ಣನಿಗಾ?” ರಸೂಲ್ ತಲೆಯಾಡಿಸಿದ. “ಅವ್ರಿಗೆ ಕಚ್ಚಿದಷ್ಟು ಈ ತಾಲೂಕಲ್ಲಿ ಯಾರಿಗೂ ಕಚ್ಚಿಲ್ಲ. ಒಂದು ಹುಳ ಮುಟ್ಟಿದ್ರೆ ಕೈ ಬೂದುಗುಂಬಳದಂಗೆ ಊದ್ಕಳ್ಳೋದು. ಒಂದ್ಸಲ ಕಣ್ಣೇ ಮುಚ್ಚೋಗಿತ್ತು. ಡಾಕ್ಟ್ರು, ಇದು ನಿಮಗೆ ಆಗಲ್ಲ, ಬಿಟ್ಬಿಡಿ ಅಂತ ಬೈದಿದ್ರು. ಪೆಟ್ಟಿಗೆ ತೆಗೆಯೋ ದಿನ ಮೊದಲೇ ನನ್ನ ಹತ್ರ ಮಾತ್ರೆ ತಗೊಂಡು ನುಂಗ್ತಿದ್ರು.”

“ನಮ್ಗೆ ಒಂದು ಮಾತೂ ಹೇಳ್ನಿಲ್ವಲ್ಲ ಕಳ್ಳ,” ಎಂದ ಹನುಮಂತಯ್ಯ.

“ನಾನೂ ಬೈದೆ. ಯಾಕಣ್ಣ ಈ ಹಣೇಬರಹ ಅಂದೆ. ‘ಮನೇಲಿ ಹೇಳ್ಬುಟ್ಟೀಯಾ, ಅವ್ಳು ಪೆಟ್ಟಿಗೆ ತೆಗೆಸ್ಬುಡ್ತಾಳೆ. ಪೆಟ್ಟಿಗೆ ಹೋದ್ರೆ ಅವ್ಳ ಮಾತೂ ಹೋಯ್ತದೆ ಕಣಪ್ಪ’ ಅಂದ್ರು.”

ಕಂಬಕ್ಕೊರಗಿ ಕೇಳುತ್ತಿದ್ದ ಮಾರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

“ಏಳು ವರ್ಷದವ್ನಾಗಿದ್ದಾಗ ಬೆಟ್ಟದ ಹೆಜ್ಜೇನು ಮುತ್ಕೊಂಡಿದ್ವು ಅವನ್ನ,” ಅಂದಳು. “ನಾನೇ ಕಂಬಳಿ ಸುತ್ತಿ ಹೊತ್ಕಂಡು ಬಂದಿದ್ದು. ಆಮೇಲೆ ಮನೇಲಿ ನೊಣ ಗುಯ್ ಅಂದ್ರೂ ನನ್ನ ಲಂಗದಲ್ಲಿ ಮೊಕ ಮುಚ್ಕಳೋನು. ನನ್ನಪ್ಪಾ… ಅಂಥೋನು ನೀನು ಜೇನು ಸಾಕಿದ್ಯಾ?”

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ಪದ್ಮಶ್ರೀ ಒಳಗೆ ಹೋಗಿ ತಾಯಿಯ ಮುಂದೆ ಕೂತಳು.

“ಅಮ್ಮ, ಅಪ್ಪನಿಗೆ ಜೇನು ಕಂಡ್ರೆ…”

“ಗೊತ್ತು ಕಣವ್ವ.”

“ಯಾವಾಗಿಂದ?”

“ಮೊದಲ್ನೇ ದಿನದಿಂದ.”

*

ಮೊದಲ ಪೆಟ್ಟಿಗೆ ಬಂದ ವಾರ ಅಡಿಗೆಮನೆಯ ಕಿಟಕಿಯಿಂದ ನಾಗಲಕ್ಷ್ಮಮ್ಮ ನೋಡಿದ್ದಳು. ಜೇನು ಸಾಕಣೆಯ ತರಬೇತಿಯಲ್ಲಿ ಕೊಟ್ಟಿದ್ದ ಬಲೆಯ ಟೋಪಿ ಹಾಕಿಕೊಂಡು ಹುಚ್ಚಯ್ಯ ಪೆಟ್ಟಿಗೆಯ ಮುಂದೆ ನಿಂತಿದ್ದ. ಕೈ ಚಾಚುವುದು, ಹಿಂದಕ್ಕೆ ತೆಗೆಯುವುದು. ಬಸ್ಸಿನ ಗೇರ್‌ಬಾಕ್ಸನ್ನು ಒಬ್ಬನೇ ಇಳಿಸುತ್ತಿದ್ದ ಕೈಗಳಿಗೆ ಆ ಹಗುರ ಮುಚ್ಚಳ ಮುಟ್ಟಲಾಗುತ್ತಿರಲಿಲ್ಲ. ಸಾಕು, ಬನ್ನಿ ಅಂತ ಕೂಗಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಮುಚ್ಚಳ ಎತ್ತಿಬಿಟ್ಟ.

ಅವತ್ತು ಸಂಜೆ ಅವನು ಬೆನ್ನಹಿಂದೆ ಒಂದು ಕೈ ಮುಚ್ಚಿಟ್ಟುಕೊಂಡು ಕೂತು, “ರಾಣಿ ಹುಳ ಕಾಣಿಸ್ತು ಕಣೇ, ಒಸಿ ಉದ್ದ ಐತೆ,” ಅಂದ. “ಯಾವ ಬಣ್ಣ?” ಅಂತ ಅವಳು ಕೇಳಿದಳು. ಅಷ್ಟು ಕೇಳಿದ್ದಕ್ಕೆ ಅವನು ಅರ್ಧ ಗಂಟೆ ಮಾತಾಡಿದ. ಆಮೇಲೆ ದಿನವೂ ಹಾಗೇ. ಮಾತು ಜೇನಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಒಂದು ಸಂಜೆ ಸಿದ್ಧಾರ್ಥನ ಹೆಸರಿಗೂ ಹೋಯಿತು. ಇಬ್ಬರೂ ಅತ್ತರು, ಆಮೇಲೆ ಊಟ ಮಾಡಿದರು.

“ಬ್ಯಾಡ ಅಂತ ನಾನು ಒಂದು ಮಾತು ಅಂದಿದ್ರೆ ನಿಮ್ಮಪ್ಪನಿಗೆ ಆ ಹಿಂಸೆ ತಪ್ಪೋದು,” ಎಂದಳು ನಾಗಲಕ್ಷ್ಮಮ್ಮ ಮಗಳಿಗೆ. “ಆಮೇಲೆ ಇಬ್ರೂ ಗೋಡೆ ನೋಡ್ಕಂಡು ಕೂರ್ಬೇಕಿತ್ತು. ಅದಕ್ಕೇ ಸುಮ್ಕಿದ್ದೆ. ಟೋಪಿಗೆ ಇನ್ನೊಂದು ಪದರ ಬಲೆ ಹೊಲಿದೆ. ತೋಳಿಗೆ ಎಲಾಸ್ಟಿಕ್ ಹಾಕ್ದೆ. ಯಾಕೆ ಅಂತ ಅವ್ರು ಕೇಳ್ನಿಲ್ಲ. ನಾನೂ ಹೇಳ್ನಿಲ್ಲ. ತಪ್ಪು ಮಾಡಿದ್ನೇನೋ.”

ಪದ್ಮಶ್ರೀ ತಾಯಿಯ ಕೈ ಹಿಡಿದುಕೊಂಡಳು. “ಅವರಿಗೂ ಗೊತ್ತಿತ್ತೇನೋ ಅಮ್ಮ, ನಿನಗೆ ಗೊತ್ತಿರೋದು.”

ನಾಗಲಕ್ಷ್ಮಮ್ಮ “ಇದ್ರೂ ಇರ್ಬೋದು,” ಎಂದಳು.

*

ಹೊರಡುವ ಹೊತ್ತಾದಾಗ ಮಾರಮ್ಮನೇ ರಸ್ತೆಗೆ ಹೋಗಿ ತಮಟೆಯವರಿಗೆ ಕೈಮುಗಿದು ಬಂದಳು. ವಾಸನೆಗೆ ಹುಳ ಎದ್ದಾವೆಂದು ಗಂಧದಕಡ್ಡಿಗಳನ್ನು ತಾನೇ ನೀರಲ್ಲಿ ಅದ್ದಿ ಆರಿಸಿದಳು. “ಯಾರೂ ಜೋರಾಗಿ ಅಳ್ಬ್ಯಾಡ್ರಿ. ಮೆತ್ತಗೆ ನಡೀರಿ,” ಅಂದಳು.

ಸುಮಾರು ನೂರು ಜನ ಹಿತ್ತಿಲ ದಾರಿಯಲ್ಲಿ ಪಿಸುಮಾತೂ ಇಲ್ಲದೆ ನಡೆದರು. ಹೊತ್ತವರು ಹೆಗಲು ಬದಲಿಸುವಾಗಲೂ ಕಣ್ಸನ್ನೆಯಲ್ಲೇ ಹೇಳಿಕೊಂಡರು. ಮಾರಮ್ಮನಿಗೆ ಹಾಡಿ ಅಳದೆ ತಮ್ಮನನ್ನು ಕಳಿಸಲು ಆಗಲಿಲ್ಲ. ಬಾಯಿ ಮುಚ್ಚಿಕೊಂಡೇ ಗಂಟಲೊಳಗೆ ರಾಗ ಎಳೆಯುತ್ತಾ ಬಂದಳು. ಚೈತ್ರದ ಬಿಸಿಲು. ಹೊಂಗೆ ಮೈತುಂಬ ಹೂ ಬಿಟ್ಟಿತ್ತು. ಮರದ ತುಂಬ ಒಂದೇ ಸಮನೆ ಗುಂಯ್ ಎನ್ನುವ ಸದ್ದು.

ಹುಚ್ಚಯ್ಯನನ್ನು ಇಳಿಸಿದರು. ಪದ್ಮಶ್ರೀ ಮೊದಲ ಹಿಡಿ ಮಣ್ಣು ಹಾಕಿದಳು. ಹನುಮಂತಯ್ಯ, ರಸೂಲ್ ಎಲ್ಲರೂ ಹಾಕಿದರು. ಗುದ್ದಲಿ ಬೇಡವೆಂದು ಕೈಯಲ್ಲೇ ಮಣ್ಣು ಎಳೆದು ಗುಂಡಿ ತುಂಬಿದರು. ಆರು ಪೆಟ್ಟಿಗೆಗಳ ಬಾಗಿಲಲ್ಲಿ ಹುಳುಗಳು ಹೋಗುತ್ತಿದ್ದವು, ಬರುತ್ತಿದ್ದವು. ಒಬ್ಬರಿಗೂ ಕಚ್ಚಲಿಲ್ಲ.

ಮಣ್ಣು ಕೂರಲೆಂದು ಹನುಮಂತಯ್ಯ ದಿಬ್ಬದ ಮೇಲೆ ಎರಡು ಬಿಂದಿಗೆ ನೀರು ಸುರಿದ. ಜನ ಒಬ್ಬೊಬ್ಬರೇ ಹಿಂದಿರುಗಿದರು. ನಾಗಲಕ್ಷ್ಮಮ್ಮ ಮಾತ್ರ ಒದ್ದೆ ಮಣ್ಣಿನ ಪಕ್ಕ ಕೂತಳು.

ಬಿಸಿಲಿಗೆ ಬಾಯಾರಿದ್ದ ಒಂದು ಹುಳ ಬಂದು ದಿಬ್ಬದ ಮೇಲೆ ಕೂತಿತು. ಆಮೇಲೆ ಇನ್ನೆರಡು. ನೋಡನೋಡುತ್ತ ಇಪ್ಪತ್ತು ಮೂವತ್ತು ಹುಳ ಬಂದು, ಹುಚ್ಚಯ್ಯನ ಎದೆಯ ಮೇಲಿನ ಹಸಿ ಮಣ್ಣಿಗೆ ಬಾಯಿಟ್ಟು ನೀರು ಹೀರತೊಡಗಿದವು.

ಬಿಂದಿಗೆ ಎತ್ತಿಕೊಳ್ಳಲು ಬಂದ ಹನುಮಂತಯ್ಯ ಗಾಬರಿಯಾಗಿ ಟವೆಲ್ ಬೀಸಲು ಹೋದ.

“ಬುಡಣ್ಣ,” ಎಂದಳು ನಾಗಲಕ್ಷ್ಮಮ್ಮ. “ಕುಡೀಲಿ.”

ಒಂದು ಹುಳ ಅವಳ ಬೆರಳಿನ ಮೇಲೆ ಕೂತಿತು. ಅವಳು ಕೈ ಅಲುಗಿಸಲಿಲ್ಲ.