ಮುಳ್ಳು ಹಾಕಿದ ದಾರಿ

ಶಹಾಪುರದಲ್ಲಿ ವೆಬ್‌ಸೈಟ್ ಮಾಡಿಕೊಡುವ ರೇವತಿಗೆ ಒಂದೇ ಹಟ: ತಾನು ಕಟ್ಟಿದ ಸೈಟಿನಲ್ಲಿ ಯಾರೂ ದಾರಿ ತಪ್ಪಬಾರದು. ತನ್ನೂರಿನ ಸೈಟು ಮಾಡುವಾಗಲೂ ಗುಡಿಕಟ್ಟೆಯ ಮೇಲೆ ಪುಟಗಳ ಹೆಸರು ಬರೆದ ಚೀಟಿ ಹರಡಿ, ಯಾವ ಪುಟ ಎಲ್ಲಿರಬೇಕೆಂದು ಹಿರಿಯರನ್ನೇ ಕೇಳಿದಳು. ಊರು ಎರಡು. ನಲವತ್ತು ವರ್ಷದ ಹಿಂದೆ ಆಣೆಕಟ್ಟಿನ ನೀರಲ್ಲಿ ಮುಳುಗಿದ್ದೊಂದು, ಸುರಪುರದ ದಾರಿಯಲ್ಲಿ ಸರ್ಕಾರ ಕೊಟ್ಟಿದ್ದೊಂದು. ಹಿರಿಯರು ಮುಳುಗಿದ ಊರನ್ನು ಓಣಿ ಹಿಡಿದು, ಮನೆ ಬಿಡದೆ ಜೋಡಿಸಿದರು. ಹೊಸ ಊರಿನ ಪಂಚಾಯ್ತಿಯ ಚೀಟಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

"ಹೊಸ ಊರಿನ ಪುಟದಿಂದ ಹಳೇ ಊರಿಗಿ ದಾರಿ ಇಡು," ಎಂದರು ಅವರಲ್ಲಿ ಹಿರಿಯ ಹಂಪಣ್ಣಜ್ಜ. "ಅಲ್ಲಿಂದ ಇಲ್ಲಿಗಿ ಬ್ಯಾಡವಾ. ಊರು ಬಿಡೂ ದಿನ ದಾರಿಗಿ ಜಾಲಿಮುಳ್ಳು ಹಾಕಿ ಬಂದೀವಿ. ಸತ್ತು ಅಲ್ಲೇ ಉಳದವ್ರು ಬೆನ್ನು ಹತ್ತಬಾರದು ಅಂತ."

"ಒಳಗ ಹೋದವ್ರು ಹೊರಗ ಹೆಂಗ್ ಬರಬೇಕಜ್ಜಾ?"

"ಬ್ಯಾಡ ಅಂದ್ರ ಬ್ಯಾಡ."

ರೇವತಿ ಗೊಣಗುತ್ತಲೇ ಒಪ್ಪಿದಳು.

ಅಲ್ಲಿ ಉಳಿದವರಲ್ಲಿ ಅವಳಕ್ಕ ದೇವಿಕಾ ಒಬ್ಬಳು. ಊರು ಬಿಡುವ ದಿನ ಆಡಿನ ಮರಿ ತರುತ್ತೇನೆಂದು ಟ್ರ್ಯಾಕ್ಟರಿನಿಂದ ಇಳಿದು ಓಡಿದ ಆರು ವರ್ಷದ ಹುಡುಗಿ ಮತ್ತೆ ಸಿಗಲಿಲ್ಲ, ನೀರು ಕಾಯಲಿಲ್ಲ. ಆಮೇಲೆ ಹುಟ್ಟಿದವಳು ರೇವತಿ. ತಾಯಿ ಮಲ್ಲಾಬಾಯಿ ಅಂದಿನಿಂದ ಮಧ್ಯಾಹ್ನ ತಲೆಬಾಗಿಲು ಮುಚ್ಚಿದವಳೇ ಅಲ್ಲ.

ಸೈಟು ಶುರುವಾದ ವಾರಕ್ಕೆ, ಬಂದುಹೋದವರ ಪಟ್ಟಿಯಲ್ಲಿ ರೇವತಿಗೆ ಒಂದು ವಿಚಿತ್ರ ಕಂಡಿತು. ದಿನಾ ಮಟಮಟ ಮಧ್ಯಾಹ್ನ ಯಾರೋ ಒಬ್ಬರು ಬರುತ್ತಾರೆ. ಮೊದಲ ಪುಟದಿಂದಲ್ಲ, ನೇರ ಹಳೇ ಊರಿನ ಹೆಬ್ಬಾಗಿಲು, ಅಗಸಿಯ ಪುಟಕ್ಕೆ. ಅಲ್ಲಿಂದ ಬಾವಿ, ನೆರೆಯ ಖಾಸಿಂಬೀಯ ಮನೆ, ಆಮೇಲೆ ಮಲ್ಲಾಬಾಯಿಯ ಹಳೇ ಮನೆ. ಮುಂದೆ ದಾರಿಯಿಲ್ಲ. ಮತ್ತೆ ಅಗಸಿ, ಮತ್ತೆ ಬಾವಿ.

"ಯಾರೋ ದಾರಿ ತಪ್ಯಾರ ನೋಡವ್ವಾ," ಎಂದು ರೇವತಿ ಓದಿ ಹೇಳಿದಳು.

ಜೋಳ ಹಸನು ಮಾಡುತ್ತಿದ್ದ ಮಲ್ಲಾಬಾಯಿಯ ಕೈ ನಿಂತಿತು.

"ಖಾಸಿಂಬೀ ಬೆಲ್ಲ ಕೊಡ್ತಿದ್ಳು. ಮಧ್ಯಾಹ್ನ ಸಾಲಿ ಬಿಟ್ಟ ಕೂಡ್ಲೆ ದೇವಿಕಾ ಹಂಗೇ ಬರ್ತಿದ್ಳು." ಮುದುಕಿ ಮೊರ ಕೆಳಗಿಟ್ಟಳು. "ಮನ್ಯಾಗ ಯಾರೂ ಇಲ್ಲಂತ ತಿರಗ್ಯಾಡಾಕತ್ತಾಳ. ಇಲ್ಲಿಗಿ ದಾರಿ ಇಡು ರೇವತಿ."

ರೇವತಿಗೆ ಹೆದರಿಕೆ ಒಂದು ಕಡೆ, ಕಾಣದ ಅಕ್ಕನಿಗಾಗಿ ಸಂಕಟ ಒಂದು ಕಡೆ. ಹಂಪಣ್ಣಜ್ಜನನ್ನು ಕೇಳದೆ, ಹಳೇ ಮನೆಯ ಪುಟದ ಕೆಳಗೆ ಒಂದು ಸಾಲು ಸೇರಿಸಿದಳು: ಹೊಸ ಊರಿಗೆ ದಾರಿ.

ಮರುದಿನ ಮಧ್ಯಾಹ್ನ ತಾಯಿ ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಹೊಸ್ತಿಲ ಹತ್ತಿರ ಕುಳಿತಳು. ರೇವತಿ ಪರದೆ ನೋಡುತ್ತಿದ್ದಳು. ಅಗಸಿ. ಬಾವಿ. ಖಾಸಿಂಬೀ. ಹಳೇ ಮನೆ. ಹೆಜ್ಜೆ ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ ಹೊಸ ಊರು. ಮೂರನೇ ಓಣಿ. ಮಲ್ಲಾಬಾಯಿಯ ಮನೆ.

ಅಂಗಳದ ಕೋಳಿಗಳು ಸುಮ್ಮನಾದವು.

"ಎಷ್ಟ್ ತಡಾ ಮಾಡಿದೆವ್ವಾ," ಎಂದಳು ಮಲ್ಲಾಬಾಯಿ, ಬಾಗಿಲಿನ ಕಡೆ, ಕೂಸಿನ ಎತ್ತರಕ್ಕೆ ನೋಡುತ್ತ. ಚಾಚಿದ ಅಂಗೈಯಲ್ಲಿ ಬೆಲ್ಲ ಇರಲಿಲ್ಲ.

ರೇವತಿ ಪರದೆಗೆ ತಿರುಗಿದಳು. ಅಗಸಿಯ ಪುಟದಲ್ಲಿ ಮತ್ತೊಬ್ಬರು ಬಂದಿದ್ದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಗುಂಪುಗುಂಪಾಗಿ, ಎಲ್ಲರೂ ಅವಳಿಟ್ಟ ದಾರಿಯ ಕಡೆಗೇ. ಆ ಸಾಲನ್ನು ಅಳಿಸಲು ಅವಳ ಬೆರಳು ಹೋಯಿತು.

"ತೆಗೀಬ್ಯಾಡ," ಎಂದಳು ತಾಯಿ, ತಿರುಗಿ ಕೂಡ ನೋಡದೆ. "ಅವ್ರವ್ರ ಮಂದಿಯ ಮನಿಗಿ ಹೋಗಿ, ಬಾಗಿಲು ತೆಗೀರಿ ಅಂತ ಹೇಳಿ ಬಾ."